ವಿಟ್ನಿ ಪ್ಲಾಂಟೇಶನ್: ಆಸ್ತಿ ಪಟ್ಟಿಯಿಂದ ಎದ್ದುಬಂದ ಹೆಸರುಗಳು

ನ್ಯೂ ಆರ್ಲಿಯನ್ಸ್ ನೋಡಲು ಹೋಗುವ ನಮ್ಮ ಕಡೆಯ ಕುಟುಂಬಗಳ ಪ್ರವಾಸಪಟ್ಟಿ ಹೆಚ್ಚುಕಡಿಮೆ ಒಂದೇ ಬಗೆಯದಾಗಿರುತ್ತದೆ: ಮೊದಲು ಫ್ರೆಂಚ್ ಕ್ವಾರ್ಟರ್, ಆಮೇಲೆ ಜೌಗಿನಲ್ಲಿ ಮೊಸಳೆ ತೋರಿಸುವ ದೋಣಿ, ಸಮಯ ಉಳಿದರೆ ಮಿಸಿಸಿಪ್ಪಿ ದಂಡೆಯ ಯಾವುದಾದರೊಂದು ಪ್ಲಾಂಟೇಶನ್, ಅಂದರೆ ಹಿಂದೆ ಗುಲಾಮರನ್ನು ದುಡಿಸಿಕೊಂಡ ದೊಡ್ಡ ತೋಟ. ಈ ಮೂರನೆಯದನ್ನು ಬಹುತೇಕರು ಚಿತ್ರ ನೋಡಿ ಆರಿಸುತ್ತಾರೆ. ಓಕ್ ಮರಗಳ ಸಾಲು, ಅದರ ಕೊನೆಗೊಂದು ಬಿಳಿ ಕಂಬಗಳ ಬಂಗಲೆ ಕಂಡರೆ ಟಿಕೆಟ್ ತೆಗೆದಾಯಿತು. ವಿಟ್ನಿ ಪ್ಲಾಂಟೇಶನ್ ಅಂಥ ಚಿತ್ರಕ್ಕೆ ಒದಗುವ ಸ್ಥಳವಲ್ಲ. ಅದು ಗುಲಾಮಗಿರಿಗೆ ಒಳಗಾದ ಜನರ ಕಡೆಯಿಂದಲೇ ಪ್ಲಾಂಟೇಶನ್ನಿನ ಕಥೆ ಹೇಳುವುದಕ್ಕೆಂದು ತೆರೆದ ಮ್ಯೂಸಿಯಂ. ಲೂಯಿಸಿಯಾನದಲ್ಲಿ ಇಂಥ ಒಂದೇ ಒಂದು ಜಾಗ ನೋಡಲು ಸಮಯವಿದೆ ಎನ್ನುವವರಿಗೆ ನಾನು ಹಿಂದುಮುಂದು ನೋಡದೆ ಸೂಚಿಸುವುದು ಇದನ್ನೇ. ಆದರೆ ಅಲ್ಲಿ ಎಲ್ಲವೂ ಒಂದೇ ಮಟ್ಟದಲ್ಲಿಲ್ಲ, ಮತ್ತು ಯಾವುದು ಅಲ್ಲಿನ ನಿಜವಾದ ಸಂಪತ್ತು ಎಂಬುದು ಮೊದಲ ನೋಟಕ್ಕೆ ಹೊಳೆಯುವುದೂ ಇಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಗರದಿಂದ ಪಶ್ಚಿಮಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹೆದ್ದಾರಿ ಬಿಟ್ಟು, ಮಿಸಿಸಿಪ್ಪಿಯನ್ನು ಎತ್ತರದ ಸೇತುವೆಯ ಮೇಲೆ ದಾಟಿ, ವಾಲೇಸ್ ಎಂಬ ಸಣ್ಣ ಊರಿನ ಕಡೆಗೆ ಇಳಿದರೆ ಹಳೆಯ ರಿವರ್ ರೋಡ್ ಸಿಗುತ್ತದೆ. ಹೆಸರಿನಲ್ಲಿ ನದಿಯಿದ್ದರೂ ರಸ್ತೆಯಿಂದ ನದಿ ಕಾಣುವುದಿಲ್ಲ. ಕಾಣುವುದು ಪ್ರವಾಹ ತಡೆಯಲು ಕಟ್ಟಿದ, ಹುಲ್ಲು ಹಬ್ಬಿದ ಮಣ್ಣಿನ ಏರಿ. ಇನ್ನೊಂದು ಬದಿಗೆ ಕಬ್ಬಿನ ಗದ್ದೆಗಳು. ಇನ್ನೂರು ವರ್ಷಗಳ ಹಿಂದೆ ಯಾವ ಬೆಳೆಗಾಗಿ ಜನರನ್ನು ಇಲ್ಲಿಗೆ ತಂದು ಮಾರಿದರೋ ಅದೇ ಬೆಳೆ ಇಂದಿಗೂ ಅದೇ ಮಣ್ಣಿನಲ್ಲಿದೆ.

ಆಂಬ್ರೋಸ್ ಹೈಡೆಲ್ ಎಂಬ ಜರ್ಮನ್ ವಲಸಿಗ 1752ರಲ್ಲಿ ಈ ಜಮೀನನ್ನು ಕೊಂಡ. ಆಗಿನ ಬೆಳೆ ಬಣ್ಣ ತೆಗೆಯುವ ನೀಲಿ ಗಿಡ. 1795ರಲ್ಲಿ ನ್ಯೂ ಆರ್ಲಿಯನ್ಸ್ ಬಳಿ ಎತಿಯೆನ್ ದ ಬೊರೆ ಎಂಬುವನು ಕಬ್ಬಿನ ರಸವನ್ನು ಲಾಭ ಬರುವಂತೆ ಹರಳುಗಟ್ಟಿಸಿ ತೋರಿಸಿದ ಮೇಲೆ ನದಿಯ ಎರಡೂ ದಂಡೆಗಳು ಕಬ್ಬಿಗೆ ತಿರುಗಿದವು, ಹೈಡೆಲ್ ಕುಟುಂಬವೂ ತಿರುಗಿತು. ಅಂತರ್ಯುದ್ಧದ ನಂತರ 1867ರಲ್ಲಿ ಇದನ್ನು ಕೊಂಡ ಬ್ರ್ಯಾಡಿಶ್ ಜಾನ್ಸನ್ ತನ್ನ ಮೊಮ್ಮಗನ ಮನೆತನದ ಹೆಸರಿಟ್ಟು ವಿಟ್ನಿ ಎಂದು ಕರೆದ. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಜಮೀನು ಫಾರ್ಮೋಸ ಪ್ಲಾಸ್ಟಿಕ್ಸ್ ಕಂಪನಿಯ ಕೈಯಲ್ಲಿತ್ತು. ಅಲ್ಲಿ ಎದ್ದೇಳಬೇಕಿದ್ದ ರೇಯಾನ್ ಕಾರ್ಖಾನೆ ಪರಿಸರದ ಹೋರಾಟದಿಂದಾಗಿ ನಿಂತುಹೋಯಿತು. 1999ರಲ್ಲಿ ನ್ಯೂ ಆರ್ಲಿಯನ್ಸ್‌ನ ಶ್ರೀಮಂತ ವಕೀಲ ಜಾನ್ ಕಮ್ಮಿಂಗ್ಸ್ ಅದನ್ನು ಕೊಂಡು, ಸ್ವಂತ ಹಣದ ಲಕ್ಷಗಟ್ಟಲೆ ಡಾಲರ್ ಸುರಿದು, ಸೆನೆಗಲ್‌ನ ಇತಿಹಾಸಕಾರ ಇಬ್ರಾಹಿಮ ಸೆಕ್ ಅವರನ್ನು ಸಂಶೋಧನೆಗೆ ಕರೆದುಕೊಂಡು, 2014ರ ಡಿಸೆಂಬರ್‌ನಲ್ಲಿ ಮ್ಯೂಸಿಯಂ ತೆರೆದರು. 2019ರಿಂದ ಅದು ಲಾಭರಹಿತ ಸಂಸ್ಥೆಯಾಗಿ ನಡೆಯುತ್ತಿದೆ. ಬಿಳಿಯ ವಕೀಲರೊಬ್ಬರ ಕೈಯಿಂದ ಇದಾದದ್ದರ ಬಗ್ಗೆ ಆಗ ಸಾಕಷ್ಟು ಚರ್ಚೆಯಾಗಿತ್ತು. ಒಳಗೆ ನಡೆದಾಡುವಾಗ ಮಾತ್ರ ವಕೀಲರಿಗಿಂತ ಸಂಶೋಧಕರ ಕೈಯೇ ಹೆಚ್ಚು ಎದ್ದು ಕಾಣುತ್ತದೆ ಎಂಬುದು ನನ್ನ ಅನಿಸಿಕೆ.

ಆ ಕೈ ಅತ್ಯಂತ ಸ್ಪಷ್ಟವಾಗಿ ಕಾಣುವುದು ಹೆಸರುಗಳ ಗೋಡೆಗಳಲ್ಲಿ. ಗೌರವದ ಗೋಡೆ ಎಂದು ಕರೆಯುವ ಮೊದಲನೆಯದರಲ್ಲಿ ಈ ಒಂದು ಪ್ಲಾಂಟೇಶನ್ನಿನಲ್ಲಿ ಗುಲಾಮರಾಗಿ ದುಡಿದವರ ಹೆಸರುಗಳಿವೆ. ಒಟ್ಟು 350ಕ್ಕೂ ಹೆಚ್ಚು ಜನ ಇಲ್ಲಿ ಹಾಗೆ ದುಡಿದಿದ್ದಾರೆ. ಕಪ್ಪು ಗ್ರಾನೈಟ್ ಫಲಕದ ಮೇಲೆ ಹೆಸರು, ಹುಟ್ಟಿದ ಸೀಮೆ ಅಥವಾ ಆಫ್ರಿಕಾದ ಯಾವ ಜನಾಂಗ, ವಯಸ್ಸು, ಗೊತ್ತಿದ್ದರೆ ಕಸುಬು. ಮನೆತನದ ಹೆಸರು ಮಾತ್ರ ಇಲ್ಲ. ಈ ವಿವರಗಳು ಎಲ್ಲಿಂದ ಬಂದವು ಎಂದು ಯೋಚಿಸಿದಾಗ ಗೋಡೆಯ ಅರ್ಥವೇ ಬದಲಾಗುತ್ತದೆ. ಯಾರೂ ಇವರನ್ನು ನೆನಪಿಟ್ಟುಕೊಳ್ಳಬೇಕೆಂದು ಬರೆದಿಟ್ಟದ್ದಲ್ಲ. ಯಜಮಾನನೋ ಯಜಮಾನಿಯೋ ಸತ್ತಾಗ ಆಸ್ತಿ ಪಾಲು ಮಾಡಲು ನೋಟರಿ ಬಂದು, ಎತ್ತು, ಬಂಡಿ, ಕೊಪ್ಪರಿಗೆಗಳ ಜೊತೆಗೆ ಮನುಷ್ಯರನ್ನೂ ಎಣಿಸಿ, ಪ್ರತಿಯೊಬ್ಬರ ಎದುರಿಗೆ ಬೆಲೆ ನಮೂದಿಸಿದ ಕಾಗದಗಳಿಂದ ಇವು ಬಂದಿವೆ. ಕಸುಬು ಬರೆದದ್ದು ಬೆಲೆ ಏರುತ್ತದೆಂದು. ಅನಾರೋಗ್ಯ ಬರೆದದ್ದು ಬೆಲೆ ಇಳಿಯುತ್ತದೆಂದು. ಕಮ್ಮಾರ, ಬಡಗಿ, ಸಕ್ಕರೆ ಕಾಯಿಸುವವ ಎಂಬ ಪದಗಳು ಮಾರುಕಟ್ಟೆಯ ಟಿಪ್ಪಣಿಗಳು. ಅದೇ ಟಿಪ್ಪಣಿಗಳಿಂದ ಬೆಲೆಯ ಅಂಕಿ ಕಿತ್ತುಹಾಕಿ, ಉಳಿದದ್ದನ್ನು ಕಲ್ಲಿನಲ್ಲಿ ಕೆತ್ತಿಸಿರುವುದು ಈ ಮ್ಯೂಸಿಯಂ ಮಾಡಿರುವ ಅತ್ಯಂತ ದೊಡ್ಡ ಕೆಲಸ.

ಎರಡನೆಯ ಗೋಡೆಗಳ ಸಾಲು ಇನ್ನೂ ದೊಡ್ಡದು. ಇತಿಹಾಸಕಾರ್ತಿ ಗ್ವೆಂಡೊಲಿನ್ ಮಿಡ್ಲೊ ಹಾಲ್ ಅವರ ಹೆಸರಿನಲ್ಲಿರುವ ಈ ಸಾಲಿನಲ್ಲಿ ಲೂಯಿಸಿಯಾನದಲ್ಲಿ ಗುಲಾಮರಾಗಿದ್ದ 1,07,000 ಜನರ ಹೆಸರುಗಳಿವೆ. 1980ರ ದಶಕದಲ್ಲಿ ಹಾಲ್ ಅವರು ಪೊಯಿಂಟ್ ಕೂಪೀ ಪ್ಯಾರಿಷ್‌ನ (ಲೂಯಿಸಿಯಾನದಲ್ಲಿ ಪ್ಯಾರಿಷ್ ಎಂದರೆ ಜಿಲ್ಲೆ) ನ್ಯಾಯಾಲಯದ ಹಳೆಯ ಕಡತಗಳನ್ನು ಬಿಚ್ಚಿದಾಗ, ಫ್ರೆಂಚ್ ಮತ್ತು ಸ್ಪ್ಯಾನಿಷ್ ಆಳ್ವಿಕೆಯ ನೋಟರಿಗಳು ಗುಲಾಮರ ಆಫ್ರಿಕನ್ ಜನಾಂಗವನ್ನು ಎಷ್ಟು ಚಾಚೂತಪ್ಪದೆ ದಾಖಲಿಸಿದ್ದಾರೆಂಬುದು ತಿಳಿಯಿತು. ಇಂಗ್ಲಿಷರ ವಸಾಹತುಗಳ ದಾಖಲೆಗಳಲ್ಲಿ ಇಷ್ಟು ವಿವರ ಅಪರೂಪ. ಅಲ್ಲಿಂದ ಹತ್ತಾರು ವರ್ಷ ಕೂತು ಅವರು ಕಟ್ಟಿದ ದತ್ತಾಂಶ ಕೋಶವೇ ಈ ಕಲ್ಲುಗಳ ಆಧಾರ. ಫಲಕಗಳ ಮುಂದೆ ನಿಂತು ಓದತೊಡಗಿದರೆ ಮರೀ, ಜಾನ್, ಪಿಯೆರ್ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಇವು ಯಜಮಾನರೂ ಪಾದ್ರಿಗಳೂ ಇಟ್ಟ ಕ್ರೈಸ್ತ ಹೆಸರುಗಳು. ಬಂಬಾರ, ಮಂಡಿಂಗ, ಕಾಂಗೊ ಎಂಬ ಮೂಲಸೂಚಿಗಳು ಅವುಗಳ ಪಕ್ಕದಲ್ಲಿ ಕುಳಿತಾಗ ಮಾತ್ರ ಈ ಮನುಷ್ಯರಿಗೆ ಹಿಂದೊಂದು ಊರು, ಒಂದು ಮಾತು ಇತ್ತೆಂಬುದು ನೆನಪಾಗುತ್ತದೆ. ಫಲಕಗಳ ನಡುವೆ 1930ರ ದಶಕದಲ್ಲಿ ಸರ್ಕಾರಿ ಯೋಜನೆಯೊಂದರಡಿ ಹಿಂದಿನ ಗುಲಾಮರನ್ನು ಸಂದರ್ಶಿಸಿ ಬರೆದುಕೊಂಡ ಮಾತುಗಳನ್ನೂ ಕೆತ್ತಿಸಿದ್ದಾರೆ: ಚಾವಟಿಯ ಬಗ್ಗೆ, ಊಟದ ಬಗ್ಗೆ, ಮಾರಾಟವಾಗಿ ಹೋದ ತಾಯಿಯ ಬಗ್ಗೆ. ಇವನ್ನು ಓದದೆ ಮುಂದೆ ಹೋಗಬೇಡಿ. ಗುಂಪಿನೊಡನೆ ಹೋದರೆ ಇಲ್ಲಿ ಸಿಗುವ ಸಮಯ ಸಾಲದು. ಗುಂಪಿನಲ್ಲಿ ಹೋದವರು ಪ್ರವಾಸ ಮುಗಿದ ಮೇಲೆ ಒಬ್ಬರೇ ಹಿಂತಿರುಗಿ ಬಂದು ಓದುವುದು ಒಳ್ಳೆಯದು.

ಇದಕ್ಕೆ ಹತ್ತಿರವೇ ಮಕ್ಕಳ ಸ್ಮಾರಕವಿದೆ. ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಪ್ಯಾರಿಷ್ ಒಂದರಲ್ಲೇ ಗುಲಾಮಗಿರಿಯಲ್ಲಿ ಹುಟ್ಟಿ ಸತ್ತ ಸುಮಾರು 2,200 ಮಕ್ಕಳ ದಾಖಲೆ ಚರ್ಚಿನ ಪುಸ್ತಕಗಳಿಂದ ಸಿಕ್ಕಿದ್ದು ಇಲ್ಲಿ ಕಲ್ಲಿಗೆ ಬಂದಿದೆ. ನಡುವೆ ರಾಡ್ ಮೂರ್‌ಹೆಡ್ ಮಾಡಿದ ಪ್ರತಿಮೆ, ಮಗುವನ್ನು ಎತ್ತಿಕೊಂಡ ಕಪ್ಪು ದೇವತೆ. ಪ್ರತಿಮೆಯ ಮುಂದೆ ಕೆಲವರು ಕಣ್ಣೀರಿಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರತಿಮೆಯಲ್ಲ, ವಯಸ್ಸುಗಳು: ದಿನಗಳಲ್ಲಿ, ತಿಂಗಳುಗಳಲ್ಲಿ ಬರೆದ ವಯಸ್ಸುಗಳು.

ಮಕ್ಕಳು ಹಾಗೆ ಸಾಯಲು, ದೊಡ್ಡವರು ಬೇಗ ಸವೆದುಹೋಗಲು ಕಾರಣ ಬಯಲಿನಲ್ಲಿ ಬೋರಲಾಗಿ ಬಿದ್ದಿರುವ ಕಬ್ಬಿಣದ ಕೊಪ್ಪರಿಗೆಗಳ ಬಳಿ ಅರ್ಥವಾಗುತ್ತದೆ. ಲೂಯಿಸಿಯಾನದ ಹವೆ ಕಬ್ಬಿಗೆ ಪೂರ್ತಿ ಹೊಂದುವುದಿಲ್ಲ; ಚಳಿಗಾಲದ ಹಿಮ ಬಿದ್ದರೆ ನಿಂತ ಬೆಳೆ ಹಾಳು. ಹಾಗಾಗಿ ಅಕ್ಟೋಬರ್‌ನಿಂದ ವರ್ಷದ ಕೊನೆಯೊಳಗೆ ಎಲ್ಲವನ್ನೂ ಕಡಿದು, ಅರೆದು, ಕಾಯಿಸಿ ಮುಗಿಸಬೇಕಿತ್ತು. ಅಷ್ಟು ದಿನವೂ ಗಾಣ ಹಗಲುರಾತ್ರಿ ನಿಲ್ಲುತ್ತಿರಲಿಲ್ಲ. ಒಂದೇ ಉರಿಯ ಮೇಲೆ ಸಾಲಾಗಿ ಕೂರಿಸಿದ ಕೊಪ್ಪರಿಗೆಗಳು, ದೊಡ್ಡದರಿಂದ ಚಿಕ್ಕದಕ್ಕೆ. ಕುದಿಯುವ ರಸವನ್ನು ಉದ್ದ ಹಿಡಿಯ ಸೌಟಿನಿಂದ ಒಂದರಿಂದ ಇನ್ನೊಂದಕ್ಕೆ ತುಂಬುತ್ತಾ ಗಟ್ಟಿಮಾಡಬೇಕು. ಮಂಡ್ಯದ ಆಲೆಮನೆಯಲ್ಲಿ ಬೆಲ್ಲದ ಪಾಕದ ಬಳಿ ನಿಂತವರಿಗೆ ಆ ಶಾಖದ ಅಂದಾಜು ಇರುತ್ತದೆ. ಅದನ್ನೇ ನಿದ್ದೆಗೆಟ್ಟ ರಾತ್ರಿಗಳಲ್ಲಿ, ಪಾಳಿಯ ಮೇಲೆ ಪಾಳಿ, ಕೂಲಿಯಿಲ್ಲದೆ, ಬಿಟ್ಟುಹೋಗುವ ಹಾದಿಯೂ ಇಲ್ಲದೆ ಮಾಡಬೇಕಾಗಿತ್ತೆಂದು ಊಹಿಸಿಕೊಳ್ಳಬೇಕು. ಗಾಣಕ್ಕೆ ಕೈ ಸಿಕ್ಕಿ ಕಳೆದುಕೊಂಡವರು, ಪಾಕ ಸಿಡಿದು ಬೆಂದವರು ಈ ಉದ್ಯಮದಲ್ಲಿ ಅಪರೂಪವಾಗಿರಲಿಲ್ಲ. ಹತ್ತಿ ಬೆಳೆಯುವ ಸೀಮೆಗಳಲ್ಲಿ ಗುಲಾಮರ ಸಂಖ್ಯೆ ಹೆರಿಗೆಗಳಿಂದಲೇ ಬೆಳೆಯುತ್ತಿದ್ದರೆ, ಸಕ್ಕರೆ ಸೀಮೆಯಲ್ಲಿ ಹುಟ್ಟಿದವರಿಗಿಂತ ಸತ್ತವರೇ ಹೆಚ್ಚು. ಆ ಕೊರತೆ ತುಂಬಲು ಹೊಸ ಆಳುಗಳು ಬೇಕಿತ್ತು. 1808ರಲ್ಲಿ ಆಫ್ರಿಕಾದಿಂದ ಜನರನ್ನು ತರುವುದನ್ನು ಅಮೆರಿಕ ನಿಷೇಧಿಸಿದ ಮೇಲೆ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಗಳಿಂದ ಒಟ್ಟು ಹತ್ತು ಲಕ್ಷದಷ್ಟು ಮಂದಿ ದಕ್ಷಿಣದ ಹತ್ತಿ, ಕಬ್ಬಿನ ಸೀಮೆಗಳಿಗೆ ಸಾಗಿಸಲ್ಪಟ್ಟರು. ಹಡಗಿನಲ್ಲಿ, ಕಾಲ್ನಡಿಗೆಯಲ್ಲಿ, ಸರಪಳಿ ಕಟ್ಟಿಸಿಕೊಂಡು. ನ್ಯೂ ಆರ್ಲಿಯನ್ಸ್ ಆ ವ್ಯಾಪಾರದ ದೊಡ್ಡ ಸಂತೆಯಾಗಿತ್ತು. ಈ ತೋಟದಲ್ಲಿ 1844ರ ಹಂಗಾಮಿನಲ್ಲಿ 4,07,000 ಪೌಂಡ್ ಸಕ್ಕರೆ ತೆಗೆದರೆಂಬ ಅಂಕಿಯನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು.

ಇಲ್ಲಿ ಒಂದು ಅಡ್ಡ ಮಾತು. ಈ ಕೊಪ್ಪರಿಗೆ ಸಾಲಿನ ಬದಲಿಗೆ ಮುಚ್ಚಿದ ಪಾತ್ರೆಗಳಲ್ಲಿ, ಒಂದರ ಆವಿಯಿಂದ ಇನ್ನೊಂದನ್ನು ಕಾಯಿಸುತ್ತಾ ಕಡಿಮೆ ಒತ್ತಡದಲ್ಲಿ ರಸ ಇಂಗಿಸುವ ಯಂತ್ರವನ್ನು 1840ರ ದಶಕದಲ್ಲಿ ಕಂಡುಹಿಡಿದವನು ನಾರ್ಬರ್ ರಿಲ್ಯೂ. ನ್ಯೂ ಆರ್ಲಿಯನ್ಸ್‌ನಲ್ಲಿ ಬಿಳಿಯ ತಂದೆಗೂ ಸ್ವತಂತ್ರ ಕಪ್ಪು ತಾಯಿಗೂ ಹುಟ್ಟಿ, ಪ್ಯಾರಿಸ್ಸಿನಲ್ಲಿ ಓದಿ ಬಂದ ಎಂಜಿನಿಯರ್. ಮಂಡ್ಯದ ಮೈಷುಗರ್‌ನಿಂದ ಬೆಳಗಾವಿಯ ಕಾರ್ಖಾನೆಗಳವರೆಗೆ ಇಂದು ರಸ ಇಂಗಿಸುವುದು ಆ ತತ್ತ್ವದ ಮೇಲೆಯೇ. ನಮ್ಮ ಸಕ್ಕರೆ ಸೀಮೆಯ ಶಾಲೆಗಳಲ್ಲಿ ಹೇಳಿಕೊಡಬೇಕಾದ ಹೆಸರು ಅದು.

ಗುಡಿಸಲುಗಳ ವಿಷಯಕ್ಕೆ ಬಂದರೆ ನನ್ನ ಹೊಗಳಿಕೆ ಸ್ವಲ್ಪ ಇಳಿಯುತ್ತದೆ. ಇಲ್ಲಿದ್ದ ಮೂಲ ಗುಡಿಸಲುಗಳ ಸಾಲನ್ನು 1970ರ ದಶಕದಲ್ಲಿ ಕಬ್ಬಿನ ಯಂತ್ರಗಳಿಗೆ ದಾರಿ ಮಾಡಲು ಕೆಡವಲಾಗಿತ್ತು. ಈಗ ಕಾಣುವ ಹಲವು ಬೇರೆ ಪ್ಲಾಂಟೇಶನ್ನಿನಿಂದ ತಂದು ನಿಲ್ಲಿಸಿದವು. ಕಬ್ಬಿಣದ ಸೆರೆಕೋಣೆಯೂ ಹಾಗೆಯೇ ಬೇರೆಡೆಯಿಂದ ಬಂದದ್ದು, ಅದೂ ಗುಲಾಮಗಿರಿ ಮುಗಿದ ಮೇಲೆ 1868ರಲ್ಲಿ ತಯಾರಾದದ್ದು. ಬಿಸಿಲಿಗೆ ಕಾದ ಆ ಕೋಣೆಯೊಳಗೆ ನಿಂತವರಿಗೆ ತಾವು ಇದೇ ತೋಟದ ಗುಲಾಮರ ಬಂಧನ ನೋಡಿದೆವೆಂಬ ಭಾವನೆ ಸುಲಭವಾಗಿ ಬಂದುಬಿಡುತ್ತದೆ. ಮ್ಯೂಸಿಯಂ ಇದನ್ನೇನೂ ಮುಚ್ಚಿಟ್ಟಿಲ್ಲ, ಕೇಳಿದರೆ ತಿಳಿಯುತ್ತದೆ. ಆದರೆ ಹೆಸರುಗಳ ವಿಷಯದಲ್ಲಿ ಕಾಗದಕ್ಕೆ ಇಷ್ಟು ನಿಷ್ಠವಾಗಿರುವ ಸಂಸ್ಥೆ ಕಟ್ಟಡಗಳ ವಿಷಯದಲ್ಲಿ ಭಾವನೆಗೆ ಒಲಿದಂತೆ ನನಗೆ ತೋರಿತು. ಆಧಾರ ಗಟ್ಟಿಯಿರುವಲ್ಲಿ ಪ್ರದರ್ಶನ ಮೌನವಾಗಿದೆ. ಆಧಾರ ತೆಳುವಾಗಿರುವಲ್ಲಿ ಅದು ಜೋರಾಗಿ ಮಾತಾಡುತ್ತದೆ. ಹಾಗೆಂದು ಗುಡಿಸಲಿನ ಒಳಹೊಕ್ಕು ನೋಡದೆ ಬರಬಾರದು. ನಡುವೆ ಒಂದು ಇಟ್ಟಿಗೆಯ ಒಲೆಗೂಡು, ಅದರ ಎರಡು ಬದಿಗೆ ಎರಡು ಕೋಣೆ, ಕೋಣೆಗೊಂದು ಸಂಸಾರ. ಹಲಗೆಗಳ ನಡುವಿನ ಸಂದಿನಲ್ಲಿ ಬೆಳಕು ಗೆರೆಗೆರೆಯಾಗಿ ಬೀಳುತ್ತದೆ, ಚಳಿಗಾಲದ ಗಾಳಿಯೂ ಅದೇ ದಾರಿಯಲ್ಲಿ ಬರುತ್ತಿದ್ದಿರಬೇಕು.

ವಿಮೋಚನೆಯಾದ ಜನ ಕಟ್ಟಿಕೊಂಡ ಆಂಟಿಯಾಕ್ ಬ್ಯಾಪ್ಟಿಸ್ಟ್ ಚರ್ಚ್ ಕೂಡ ಸ್ಥಳಾಂತರಗೊಂಡದ್ದೇ. ಅದರ ಬೆಂಚುಗಳ ನಡುವೆ, ಗೋಡೆಯ ಬದಿಗೆ ವುಡ್ರೋ ನ್ಯಾಶ್ ಮಾಡಿದ ಮಣ್ಣಿನ ಮಕ್ಕಳು ನಿಜವಾದ ಮಕ್ಕಳಷ್ಟೇ ಎತ್ತರಕ್ಕೆ ನಿಂತಿದ್ದಾರೆ, ಕೂತಿದ್ದಾರೆ. ಗುಲಾಮಗಿರಿಯ ಸ್ಮಾರಕದಲ್ಲಿ ಮಕ್ಕಳೇ ಏಕೆ ಎಂಬುದಕ್ಕೆ ಉತ್ತರ ಸರಳವಾದದ್ದು: 1930ರ ದಶಕದಲ್ಲಿ ಸಂದರ್ಶನ ಕೊಡಲು ಬದುಕಿದ್ದವರು 1865ರಲ್ಲಿ ಬಿಡುಗಡೆಯಾದಾಗ ಮಕ್ಕಳಾಗಿದ್ದವರು. ಆದ್ದರಿಂದ ನಮಗೆ ದಕ್ಕಿರುವ ನೆನಪುಗಳಲ್ಲಿ ಹೆಚ್ಚಿನವು ಮಕ್ಕಳ ಕಣ್ಣಿನವು. ಇನ್ನೂ ಒಂದು ವಿಷಯ ಗಮನದಲ್ಲಿರಲಿ. ಆ ಸಂದರ್ಶಕರಲ್ಲಿ ಬಹುಪಾಲು ಬಿಳಿಯರು, ಕೇಳಿಸಿಕೊಂಡದ್ದು ವರ್ಣಭೇದದ ಕಾನೂನುಗಳು ಜಾರಿಯಲ್ಲಿದ್ದ ದಕ್ಷಿಣದಲ್ಲಿ, ಮಾತಾಡಿದವರು ಆರ್ಥಿಕ ಕುಸಿತದ ದಿನಗಳಲ್ಲಿ ತುತ್ತಿಗೆ ತತ್ವಾರಪಡುತ್ತಿದ್ದ ಮುದುಕರು. ಅವರು ಎಷ್ಟನ್ನು ನುಂಗಿಕೊಂಡು ಎಷ್ಟನ್ನು ಹೇಳಿರಬಹುದು ಎಂಬ ಪ್ರಶ್ನೆಯನ್ನು ಪ್ರದರ್ಶನ ಇನ್ನಷ್ಟು ಬಿಡಿಸಿ ಹೇಳಬೇಕಿತ್ತು. ಶಿಲ್ಪಗಳು ಸುಂದರವಾಗಿವೆ, ಆದರೆ ಆ ಸೌಂದರ್ಯವೇ ಪ್ರಶ್ನೆಯನ್ನು ಮರೆಸುತ್ತದೆ.

ಯಜಮಾನರ ದೊಡ್ಡಮನೆಗೆ ಇಲ್ಲಿ ಸಿಗುವ ಜಾಗ ಕಡಿಮೆ, ಅದು ಬೇಕೆಂದೇ ಮಾಡಿದ್ದು. ನೆಲದಿಂದ ಎತ್ತರಿಸಿ ಕಟ್ಟಿದ ಫ್ರೆಂಚ್ ಕ್ರಿಯೋಲ್ ಶೈಲಿಯ ಮನೆ, ಸುತ್ತ ಜಗಲಿ, ಒಳಗೆ ಬಣ್ಣದ ಚಿತ್ತಾರ. 1860ರಲ್ಲಿ ತೀರಿಕೊಂಡ ಮರೀ ಅಜೆಲಿ ಹೈಡೆಲ್ ಎಂಬ ವಿಧವೆ ಇಲ್ಲಿಂದ ತೋಟ ನಡೆಸಿದಳು. ಆ ವರ್ಷ ಆಕೆಯ ಒಡೆತನದಲ್ಲಿ 101 ಮನುಷ್ಯರಿದ್ದರು. ಮನೆಯಲ್ಲಿ ನಾನು ಕೇಳಿದ ಕಥೆಗಳಲ್ಲಿ ಉಳಿದುಕೊಂಡದ್ದು ಅನ್ನಾ ಎಂಬಾಕೆಯದು. ಹುಡುಗಿಯಾಗಿದ್ದಾಗಲೇ ಈ ಮನೆಗೆ ಕೊಂಡು ತಂದ ಗುಲಾಮಳು. ಅಜೆಲಿಯ ಬಂಧುವೇ ಆದ ಆಂತ್ವಾನ್ ಹೈಡೆಲ್‌ನಿಂದ ಅವಳಿಗೆ ವಿಕ್ಟರ್ ಎಂಬ ಮಗ ಹುಟ್ಟಿದ. ಅವಳ ಒಪ್ಪಿಗೆಯೆಂಬುದಕ್ಕೆ ಕಾನೂನಿನಲ್ಲೇ ಅರ್ಥವಿಲ್ಲದ ಕಾಲ. ಆ ವಿಕ್ಟರನ ವಂಶದಲ್ಲಿ ಹುಟ್ಟಿದ ಸಿಬಿಲ್ ಹೈಡೆಲ್ ಮೋರಿಯಲ್, ನ್ಯೂ ಆರ್ಲಿಯನ್ಸ್‌ನ ಮೊದಲ ಕಪ್ಪು ಮೇಯರ್ ಅರ್ನೆಸ್ಟ್ ಮೋರಿಯಲ್ ಅವರ ಪತ್ನಿ. ಅವರ ಮಗ ಮಾರ್ಕ್ ಮೋರಿಯಲ್ ಕೂಡ ಮುಂದೆ ಮೇಯರ್ ಆದರು. ಹೈಡೆಲ್ ಎಂಬ ಹೆಸರನ್ನು ಸಾರ್ವಜನಿಕ ಬದುಕಿನಲ್ಲಿ ಎತ್ತಿಹಿಡಿದದ್ದು ಅನ್ನಾಳ ಕಡೆಯ ಸಂತತಿ.

ಇದನ್ನು ಇನ್ನೊಂದು ಕಡೆಯ ಅನುಭವದೊಡನೆ ಹೋಲಿಸದೆ ಇರಲಾಗದು. ಅದೇ ಪ್ರವಾಸದಲ್ಲಿ ನೋಡಿದ, ಹೆಸರು ಹೇಳಲಿಚ್ಛಿಸದ ಬಂಗಲೆಯೊಂದರಲ್ಲಿ ಮಾರ್ಗದರ್ಶಿ ಹಾಸಿಗೆಯ ಕೆತ್ತನೆ, ಬೆಳ್ಳಿ ತಟ್ಟೆ, ಮದುಮಗಳ ಉಡುಪುಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಆ ತಟ್ಟೆ ತೊಳೆದವರ ಬಗ್ಗೆ ಒಂದೇ ವಾಕ್ಯ ಹೇಳಿ, ಮದ್ಯ ಮಾರುವ ಅಂಗಡಿಯತ್ತ ಕೈ ತೋರಿಸಿದರು. ಇಂಥ ಮನೆಗಳಲ್ಲಿ ಮದುವೆ ಮಾಡಿಕೊಳ್ಳುವ ಪದ್ಧತಿಯ ವಿರುದ್ಧ ನಾಗರಿಕ ಹಕ್ಕುಗಳ ಸಂಘಟನೆ ಕಲರ್ ಆಫ್ ಚೇಂಜ್ ದನಿಯೆತ್ತಿದ ಮೇಲೆ, 2019ರಲ್ಲಿ ಪಿಂಟರೆಸ್ಟ್‌ನಂಥ ತಾಣಗಳು ಪ್ಲಾಂಟೇಶನ್ ಮದುವೆಗಳಿಗೆ ಪ್ರಚಾರ ಕೊಡುವುದನ್ನು ತಗ್ಗಿಸಿದವು. ಮದುವೆಗಳು ನಿಂತಿಲ್ಲ. ನಾವು ಅಮೆರಿಕದವರನ್ನಷ್ಟೇ ಆಡಿಕೊಳ್ಳುವಂತೆಯೂ ಇಲ್ಲ: ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಎಸ್ಟೇಟ್ ಬಂಗಲೆಯಲ್ಲಿ ರಜೆ ಕಳೆದು ಬರುವಾಗ ಲೈನ್ ಮನೆಗಳ ಕಡೆಗೆ ಎಷ್ಟು ಮಂದಿ ನೋಡುತ್ತೇವೆ? ಎರಡೂ ವ್ಯವಸ್ಥೆಗಳು ಒಂದೇ ಅಲ್ಲ, ಆದರೆ ಬಂಗಲೆ ಮಾತ್ರ ನೋಡುವ ಕಣ್ಣು ಎರಡು ಕಡೆಯೂ ಒಂದೇ.

ಮಕ್ಕಳೊಂದಿಗೆ ಹೋಗುವವರು ಮೊದಲೇ ತಿಳಿದಿರಬೇಕಾದ ಸಂಗತಿಯೊಂದಿದೆ. 1811ರ ಜನವರಿಯಲ್ಲಿ ನದಿಯ ಇನ್ನೊಂದು ದಂಡೆಯ ಆಂಡ್ರಿ ಪ್ಲಾಂಟೇಶನ್ನಿನಲ್ಲಿ ಚಾರ್ಲ್ಸ್ ದೆಲಾಂಡ್ ಎಂಬುವನ ಮುಂದಾಳತ್ವದಲ್ಲಿ ಎದ್ದ ನೂರಾರು ಗುಲಾಮರು ನ್ಯೂ ಆರ್ಲಿಯನ್ಸ್ ಕಡೆಗೆ ನಡೆದರು. ಕೆಲವೇ ದಿನಗಳಲ್ಲಿ ಬಂಡಾಯವನ್ನು ಹತ್ತಿಕ್ಕಿ, ಕೊಂದವರ ತಲೆಗಳನ್ನು ನದಿಯುದ್ದಕ್ಕೂ ಕಂಬಗಳ ಮೇಲೆ ಸಿಕ್ಕಿಸಿದರು. ಅದರ ನೆನಪಿಗೆ ಇಲ್ಲಿ ಮಣ್ಣಿನ ತಲೆಗಳನ್ನು ಸರಳುಗಳ ಮೇಲೆ ನಿಲ್ಲಿಸಿದ್ದಾರೆ. ಅತಿಯಾಯಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ, ನಡೆದದ್ದು ನಡೆದಂತೆಯೇ ಇದೆ. ಆದರೂ ಹತ್ತು ವರ್ಷಕ್ಕಿಂತ ಚಿಕ್ಕವರನ್ನು ಅತ್ತ ಕರೆದೊಯ್ಯುವ ಮುನ್ನ ತಂದೆತಾಯಿ ತಾವೊಮ್ಮೆ ನೋಡಿಬರುವುದು ಒಳಿತು.

1865ರ ನಂತರದ ಕಥೆಯನ್ನು ಮ್ಯೂಸಿಯಂ ಇನ್ನೂ ಹಿಗ್ಗಿಸಬಹುದಿತ್ತು. ಬಿಡುಗಡೆಯಾದವರ ಮಕ್ಕಳು ಮೊಮ್ಮಕ್ಕಳು ಇದೇ ತೋಟದಲ್ಲಿ ಕೂಲಿಗೆ ದುಡಿಯುತ್ತಾ, ತೋಟದ ಅಂಗಡಿಯಲ್ಲೇ ಸಾಮಾನು ಕೊಳ್ಳುತ್ತಾ 1975ರವರೆಗೆ ಇಲ್ಲಿಯೇ ಬದುಕಿದರು. 1887ರ ನವೆಂಬರ್‌ನಲ್ಲಿ ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದ ಕಬ್ಬಿನ ಕೆಲಸಗಾರರನ್ನು ಹತ್ತಿರದ ತಿಬೊಡೊ ಪಟ್ಟಣದಲ್ಲಿ ಗುಂಡಿಕ್ಕಿ ಕೊಂದರು. ಇಂದು ನದಿಯ ಈ ಪಟ್ಟಿಯುದ್ದಕ್ಕೂ ರಾಸಾಯನಿಕ ಕಾರ್ಖಾನೆಗಳಿವೆ. ವಾಲೇಸ್‌ನಲ್ಲಿ ಬರಲಿದ್ದ ಬೃಹತ್ ಧಾನ್ಯ ಗೋದಾಮಿನ ವಿರುದ್ಧ ಗುಲಾಮರ ವಂಶಸ್ಥರು ಕಟ್ಟಿಕೊಂಡ ದ ಡಿಸೆಂಡೆಂಟ್ಸ್ ಪ್ರಾಜೆಕ್ಟ್ ವರ್ಷಗಟ್ಟಲೆ ಹೋರಾಡಿ, 2024ರಲ್ಲಿ ಕಂಪನಿ ಯೋಜನೆ ಕೈಬಿಟ್ಟಿತು. ಅದೇ ವರ್ಷ ಆ ಸಂಸ್ಥೆ 1811ರ ಬಂಡಾಯ ಶುರುವಾದ ಮನೆಯನ್ನೇ ಕೊಂಡುಕೊಂಡಿತು. ಬರುವ ವರ್ಷಗಳಲ್ಲಿ ಈ ಸೀಮೆಗೆ ಹೋಗುವವರು ವಿಟ್ನಿಯ ಜೊತೆಗೆ ಅದನ್ನೂ ವಿಚಾರಿಸಿ ನೋಡಬೇಕು.

ಇನ್ನು ಅನುಕೂಲಗಳ ವಿಷಯ. ಶ್ರವಣ ಸಾಧನದೊಡನೆ ಒಬ್ಬರೇ ಸುತ್ತಬಹುದು, ಮಾರ್ಗದರ್ಶಿಯ ಜೊತೆಗೂ ಹೋಗಬಹುದು. ಎರಡನೆಯದನ್ನೇ ಆರಿಸಿ, ಏಕೆಂದರೆ ಪ್ರಶ್ನೆ ಕೇಳಲು ಎದುರಿಗೊಬ್ಬರು ಬೇಕಾಗುವ ಜಾಗವಿದು. ಟಿಕೆಟ್ ದರ ಮತ್ತು ವಾರದ ರಜೆಯನ್ನು ಹೊರಡುವ ಮುಂಚೆ ಅವರ ತಾಣದಲ್ಲಿ ನೋಡಿಕೊಳ್ಳಿ. ಬಹುಪಾಲು ಬಯಲಿನಲ್ಲೇ ನಡೆಯಬೇಕು, ನೆರಳು ಕಡಿಮೆ. ಬೇಸಿಗೆಯಲ್ಲಿ ಹಿರಿಯರಿಗೆ ಕಷ್ಟ, ಮಳೆ ಬಂದರೆ ಕೆಸರು, ಸೊಳ್ಳೆಯಂತೂ ಇದ್ದೇ ಇದೆ. 2021ರ ಐಡಾ ಚಂಡಮಾರುತದಲ್ಲಿ ಕಟ್ಟಡಗಳಿಗೆ ಪೆಟ್ಟು ಬಿದ್ದದ್ದರಿಂದ ದುರಸ್ತಿಯ ಕೆಲಸಕ್ಕೆ ಕೆಲವು ಭಾಗ ಮುಚ್ಚಿರಬಹುದು. ಊಟವನ್ನು ನಂಬಿಕೊಂಡು ಹೋಗಬೇಡಿ. ಸುತ್ತಲಿನ ಹೋಟೆಲುಗಳಲ್ಲಿ ಗಂಬೊ, ಜಂಬಲಾಯ, ಸೀಗಡಿಗಳದೇ ರಾಜ್ಯ, ಅನ್ನದಂತೆ ಕಾಣುವ ತಿನಿಸಿನಲ್ಲೂ ಮಾಂಸದ ಚೂರಿರುತ್ತದೆ, ಹಾಗಾಗಿ ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಳ್ಳುವುದೇ ಲೇಸು. ಮ್ಯೂಸಿಯಂ ಅಂಗಡಿಯ ಪುಸ್ತಕಗಳ ಕಪಾಟಿಗೆ ಅರ್ಧ ಗಂಟೆ ಮೀಸಲಿಡಿ. ಆಯ್ಕೆಯಿದ್ದರೆ ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಹೋಗಿ: ಬಿಸಿಲು ತಗ್ಗಿರುತ್ತದೆ, ಕಬ್ಬಿನ ಕಟಾವು ನಡೆದಿರುತ್ತದೆ. ಆದರೆ ಕಬ್ಬು ತುಂಬಿದ ಲಾರಿಗಳು ರಿವರ್ ರೋಡಿನಲ್ಲಿ ಸಾಲುಗಟ್ಟುವ ಕಾಲವೂ ಅದೇ. ಸಂಜೆಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಬೇರೆ ಕಾರ್ಯಕ್ರಮ ಇಟ್ಟುಕೊಂಡಿದ್ದರೆ ಒಂದು ಗಂಟೆ ಮುಂಚೆಯೇ ಹೊರಡಿ.